ಅಟ್ಟದ ಟ್ರಂಕಿನಲ್ಲಿ ಸಿಕ್ಕ ಕಾರ್ಡುಗಳು: ಇದು ಯಾವ ದಂಡೆ, ಯಾರಾದರೂ ಗುರುತಿಸ್ತೀರಾ?

ಕೋಡಿಬಾಗದ ಮಗಳು
ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಹಳೇ ಮನೆಯ ಹಂಚು ಇಳಿಸುವಾಗ ಅಟ್ಟದ ಮೂಲೆಯಲ್ಲಿ ಒಂದು ತಗಡಿನ ಟ್ರಂಕು ಸಿಕ್ಕಿತು. ಒಳಗೆ ಒಂದು ಚಿಮಣಿ ಬುಡ್ಡಿ, ಅಜ್ಜನ ಕನ್ನಡಕದ ಡಬ್ಬಿ, ಮತ್ತೆ ಕಾರ್ಡುಗಳು. ಟ್ರಂಕಿನ ಕೆಳಗೆ ಕಪ್ಪಗೆ ಗಟ್ಟಿಯಾದ ಗೋಣಿ ಥರದ್ದೊಂದು ಹಾಸಿತ್ತು. ಅದನ್ನು ಕೆಲಸದವರು ತೆಂಗಿನ ಬುಡಕ್ಕೆ ಎಸೆದರು.

ಕಾರ್ಡುಗಳಲ್ಲಿ ಎರಡು ಥರ. ಅರವತ್ತರಷ್ಟು ಮಾಮೂಲಿ ಅಂಚೆ ಕಾರ್ಡುಗಳು. ಹಿಂದೆಲ್ಲ ಮನೆಮನೆಯಲ್ಲಿ ಇರುತ್ತಿತ್ತಲ್ಲ, ಕಾಗದ ಚುಚ್ಚಿಡುವ ಕೊಕ್ಕೆ ತಂತಿ, ಅದಕ್ಕೆ ಪೋಣಿಸಿದ್ದು. ಹಾಗಾಗಿ ಎಲ್ಲದರ ನಡುವೆಯೂ ಒಂದೊಂದು ತೂತು. ಅವನ್ನು ಆಮೇಲೆ ನೋಡುತ್ತೇನೆ. ಈಗ ಕೇಳುತ್ತಿರುವುದು ಬೇರೆ ಎರಡರ ಬಗ್ಗೆ. ಅವು ಚಿತ್ರದ ಕಾರ್ಡುಗಳು.

ಮೊದಲನೆಯದು ಕಪ್ಪು ಬಿಳುಪು. ಉದ್ದಕ್ಕೆ ಮರಳು, ಗಾಳಿಮರದ ಸಾಲು, ದೂರದ ದ್ವೀಪದ ಮೇಲೆ ಬೆಂಕಿಕಡ್ಡಿ ನಿಲ್ಲಿಸಿದ ಹಾಗೆ ದೀಪಸ್ತಂಭ. ಒಬ್ಬ ಮನುಷ್ಯನೂ ಇಲ್ಲ. ಎರಡನೆಯದು ಬಣ್ಣದ್ದು. ಏಳೆಂಟು ಮನೆ, ಕೆಂಪು ಮಾಡು, ಕಂಬಗಳ ಮೇಲೆ ಒಣಗಲು ಹಾಕಿದ ಬಲೆ, ಮಗುಚಿಟ್ಟ ದೋಣಿ. ಇಬ್ಬರು ಗಂಡಸರು, ಬುಟ್ಟಿ ಹೊತ್ತ ಒಬ್ಬ ಹೆಂಗಸು. ಮೂವರೂ ಕ್ಯಾಮರಾ ಕಡೆಗೇ ನೋಡುತ್ತಿದ್ದಾರೆ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ‘ಫಿಶಿಂಗ್ ವಿಲೇಜ್, ಕಾರವಾರ್’ ಎಂದಷ್ಟೇ ಇದೆ. ಎರಡರ ಹಿಂದೆಯೂ ಏನೂ ಬರೆದಿಲ್ಲ.

ನಮ್ಮ ಮುತ್ತಜ್ಜ ಬಂಗಲೆಯ ಸಾಹೇಬರನ್ನು ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದನಂತೆ. ಯಾರೋ ಕೊಟ್ಟು ಹೋಗಿರಬೇಕು. ಎರಡನೇ ಕಾರ್ಡಿನ ಊರು ಯಾವುದು? ಸುಮ್ನೆ ಕುತೂಹಲ.

ಮಾಸ್ತರು, ಅಂಕೋಲಾ
ಮೊದಲನೆಯದು ಕಾರವಾರದ ದಂಡೆಯೇ, ಅನುಮಾನ ಬೇಡ. ದ್ವೀಪ ದೇವಗಡ. ಅದರ ಮೇಲಿನ ದೀಪಸ್ತಂಭ 1864ರದ್ದು. ಗಾಳಿಮರ ನಮ್ಮ ಕಡೆಯ ಮರ ಅಲ್ಲ, ಕಾರವಾರದಲ್ಲಿ ಅದರ ನೆಡುತೋಪು ಶುರುವಾದದ್ದು 1868ರಲ್ಲಿ, ರೈಲು ಎಂಜಿನ್ನಿನ ಸೌದೆಗೆಂದು. ರೈಲು ಮಾತ್ರ ಬರಲಿಲ್ಲ, ಮರ ಉಳಿಯಿತು! ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ, ಅಷ್ಟು ಹೊತ್ತಿಗೆ ಸೌದೆ ಯಾರಿಗೆ ಬೇಕಿತ್ತು.

1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರಲ್ಲ. ಆಗ ಅವರಿಗೆ 22ರ ಆಸುಪಾಸು. ತಮ್ಮ ನೆನಪುಗಳಲ್ಲಿ ಅರ್ಧಚಂದ್ರದ ಹಾಗಿರುವ ದಂಡೆ, ಗಾಳಿಮರದ ಕಾಡು, ಕಾಳಿ ನದಿ ಮೂರನ್ನೂ ಹೇಳಿದ್ದಾರೆ. ಅವರು ನೋಡಿದಾಗ ಮರಗಳಿಗೆ ಹದಿನೈದು ವರ್ಷ ಅಷ್ಟೆ. ನಿಮ್ಮ ಕಾರ್ಡಿನಲ್ಲಿ ಮರ ಇನ್ನೂ ಎತ್ತರ ಕಾಣುತ್ತಿದೆ.

ಎರಡನೆಯದು ಬೇಲೆಕೇರಿ ಇರಬಹುದು. ಖಾತ್ರಿ ಇಲ್ಲ.

ಬೈತಖೋಲದವ
ಬೇಲೆಕೇರಿ ಅಲ್ಲ ಮಾಸ್ತರೇ. ಬಲಗಡೆ ಗುಡ್ಡ ನೇರ ನೀರಿಗೆ ಇಳಿದಿದೆ ನೋಡಿ. ಅದು ನಮ್ಮ ಬೈತಖೋಲ. ಈಗ ಬಂದರಿನ ಧಕ್ಕೆ ಇರುವ ಜಾಗ.

ಮೀನುಪ್ರಿಯ
ಬೈತಖೋಲದವರಿಗೆ ಎಲ್ಲ ಗುಡ್ಡವೂ ಬೈತಖೋಲವೇ 😄

ಶಿರಸಿಯ ಸ್ಟಾಂಪ್ ಹುಚ್ಚ
ಅಕ್ಕ, ಒಂದು ನಿಮಿಷ. ಈ ಎರಡನೇ ಕಾರ್ಡು ನನ್ನ ಹತ್ತಿರವೂ ಇದೆ! ಇಂಗ್ಲೆಂಡಿನ ಒಬ್ಬ ಮಾರಾಟಗಾರರಿಂದ ಆನ್‌ಲೈನಿನಲ್ಲಿ ತರಿಸಿದ್ದು. ನನ್ನದು ಕಪ್ಪು ಬಿಳುಪು, ಚಿತ್ರ ಅದೇ. ಅದೇ ಹೆಂಗಸು, ಅದೇ ಬುಟ್ಟಿ. ಸ್ಕ್ಯಾನ್ ಹಾಕಿದ್ದೇನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮಾಡು ನೋಡಿದಿರಾ? ನಿಮ್ಮ ಕಾರ್ಡಿನಲ್ಲಿ ಕೆಂಪು ಹಂಚು. ನನ್ನದರಲ್ಲಿ ಅದು ಹುಲ್ಲಿನ ಮಾಡು. ಹಂಚಿನ ಗೆರೆ ಎಲ್ಲೂ ಇಲ್ಲ. ಆಗಿನ ಚಿತ್ರದ ಕಾರ್ಡುಗಳು ಜಾಸ್ತಿ ಜರ್ಮನಿಯಲ್ಲೇ ಅಚ್ಚಾಗುತ್ತಿದ್ದವು. ಕಪ್ಪು ಬಿಳುಪು ಫೋಟೋ ಹೋಗುವುದು, ಅಲ್ಲಿ ಕೂತವರು ಅಂದಾಜಿನ ಮೇಲೆ ಬಣ್ಣ ತುಂಬುವುದು. ಕಾರವಾರವನ್ನು ಕನಸಲ್ಲೂ ಕಾಣದವನು ಮನೆ ಎಂದರೆ ಕೆಂಪು ಮಾಡು ಅಂತ ಬಳಿದಿದ್ದಾನೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಹಂಚಿನ ಕಾರ್ಖಾನೆ 1865ರಲ್ಲೇ ಶುರುವಾಗಿತ್ತು ನಿಜ. ಆದರೆ ಮೀನುಗಾರರ ಕೇರಿಗೆ ಹಂಚು ಬರಲು ತುಂಬ ಕಾಲ ಹಿಡಿಯಿತು.

ವರ್ಷದ ಬಗ್ಗೆ: ನನ್ನ ಕಾರ್ಡು ಅಂಚೆಯಲ್ಲಿ ಹೋದದ್ದು. ಮುದ್ರೆ ಮಸುಕು, ಓದಲು ಬರುವುದಿಲ್ಲ. ಸ್ಟಾಂಪು ಕೆಂಪು ಒಂದಾಣೆ, ಏಳನೇ ಎಡ್ವರ್ಡ್ ದೊರೆಯ ತಲೆ. ಕೆಳಗೆ ‘ಪೋಸ್ಟೇಜ್ ಆಂಡ್ ರೆವೆನ್ಯೂ’ ಅಂತಿದೆ. ಹಾಗೆ ಬರೆದ ಸ್ಟಾಂಪು ಬಂದದ್ದು 1906ರಲ್ಲಿ. 1911ರ ಕೊನೆಯಿಂದ ಐದನೇ ಜಾರ್ಜ್ ಶುರು. ಹಿಂಬದಿಯ ನಡುವೆ ಗೆರೆ ಇದೆ, ಎಡಕ್ಕೆ ಸುದ್ದಿ, ಬಲಕ್ಕೆ ವಿಳಾಸ. ಇನ್ನೂ ಹಳೆಯ ಕಾರ್ಡುಗಳಲ್ಲಿ ಹಿಂಬದಿ ಇಡೀ ವಿಳಾಸಕ್ಕೇ, ಸುದ್ದಿಯನ್ನು ಚಿತ್ರದ ಮೇಲೇ ಗೀಚಬೇಕಿತ್ತು. ಅಂತೂ 1906ರಿಂದ 1912ರ ಒಳಗೆ ಎಂದು ನನ್ನ ಲೆಕ್ಕ. ಫೋಟೋ ತೆಗೆದದ್ದು ಅದಕ್ಕೂ ಮೊದಲು.

ಬರೆದವರು ಏನು ಬರೆದಿದ್ದಾರೆ ಗೊತ್ತಾ? ಸ್ಟೀಮರ್ ಬಂದಿಲ್ಲ, ಸೆಕೆ ಜಾಸ್ತಿ, ನಾಯಿಗೆ ಹುಷಾರಿಲ್ಲ. ಚಿತ್ರದಲ್ಲಿರುವ ಮೂವರ ಬಗ್ಗೆ ಒಂದಕ್ಷರ ಇಲ್ಲ.

ಕೋಡಿಬಾಗದ ಮಗಳು
ಅಯ್ಯೋ, ನಾನು ಆ ಕೆಂಪು ಮಾಡು ನೋಡಿ ಊರು ಆಗಲೇ ಚೆನ್ನಾಗಿತ್ತು ಅಂದುಕೊಂಡು ಆಯಿಗೆ, ಅಂದರೆ ಅಮ್ಮನಿಗೆ, ತೋರಿಸಿದ್ದೆ. ‘ಮಡಲಿನ ಮನೆ ಕಣೇ, ಹಂಚು ನಿನ್ನ ಅಜ್ಜನ ಕಾಲಕ್ಕೇ ಬಂದದ್ದು’ ಅಂದಳು. ನಾನು ನಂಬಲಿಲ್ಲ. ಸೀರೆಯೂ ಸುಳ್ಳು ಕೆಂಪಾ ಹಾಗಾದರೆ?

ಶಿರಸಿಯ ಸ್ಟಾಂಪ್ ಹುಚ್ಚ
ಸೀರೆ ಯಾವ ಬಣ್ಣದ್ದೋ ದೇವರೇ ಬಲ್ಲ. ಆದರೆ ಉಟ್ಟ ರೀತಿ ಬಣ್ಣ ಹಾಕಿದವನಿಗೆ ಬದಲಿಸಲು ಆಗಿಲ್ಲ. ಮೊಣಕಾಲ ತನಕ ಕಚ್ಚೆ ಹಾಕಿ ಉಟ್ಟಿದ್ದಾಳೆ.

ಬೈತಖೋಲದವ
ಬಲೆಯ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ. ನನಗೆ ಆ ಕಾರ್ಡಿನಲ್ಲಿ ಮೊದಲು ಕಂಡದ್ದೇ ಬಲೆ.

ಆಗಿನದು ಹತ್ತಿ ನೂಲಿನ ಬಲೆ, ಸೆಣಬಿನದೂ ಇತ್ತು. ದಿನಾ ಒಣಗಿಸದಿದ್ದರೆ ಕೊಳೆತು ಹೋಗುತ್ತದೆ. ತೊಗಟೆ ಬೇಯಿಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು, ಗಟ್ಟಿ ಬರಲಿ ಅಂತ. ಅದಕ್ಕೇ ಅಷ್ಟು ಕಪ್ಪು. ದಂಡೆಯ ಅರ್ಧ ಜಾಗ ಕಂಬಗಳಿಗೇ ಬೇಕಿತ್ತು. ನೈಲಾನ್ ಬಂತು, ಒಣಗಿಸುವ ಕೆಲಸ ಹೋಯಿತು, ಕಂಬಗಳೂ ಹೋದವು. ಈಗಿನ ಹುಡುಗರಿಗೆ ಹಳೇ ಫೋಟೋ ತೋರಿಸಿದರೆ ಅದು ಬೇಲಿಯಾ ಅಂತ ಕೇಳುತ್ತಾರೆ.

ಅಷ್ಟು ಕಂಬ, ಅಷ್ಟು ಬಲೆ ಅಂದರೆ ಅದು ರಂಪಣಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೋಣಿಯಲ್ಲಿ ಬಲೆ ಬಿಡುತ್ತ ಮೀನಿನ ಹಿಂಡನ್ನು ಅರ್ಧ ಚಂದ್ರಾಕಾರಕ್ಕೆ ಸುತ್ತುವರಿದು, ಎರಡೂ ತುದಿಯ ಹಗ್ಗ ದಂಡೆಗೆ ತಂದು, ಎರಡು ಸಾಲಿನಲ್ಲಿ ನಿಂತು ಎಳೆಯುವುದು. ಬಲೆ ಒಂದು ಕಿಲೋಮೀಟರಿಗೂ ಉದ್ದ. ಎಂಬತ್ತು ನೂರು ಮಂದಿ ಬೇಕು. ಒಬ್ಬನ ಬಲೆ ಅಲ್ಲ ಅದು. ಮನೆಗೊಂದು ತುಂಡು. ಎಲ್ಲ ತುಂಡು ಸೇರಿಸಿ ಕಟ್ಟಿದರೆ ರಂಪಣಿ. ತುಂಡು ಇದ್ದವನಿಗೆ ಪಾಲು, ಎಳೆದವನಿಗೆ ಪಾಲು, ದೋಣಿಗೆ ಪಾಲು. ಬಂಗಡೆ, ತಾರ್ಲೆ ಹಿಂಡು ಬಂದರೆ ಗುಡ್ಡದ ಮೇಲೆ ಕೂತವನು ನೀರಿನ ಬಣ್ಣ ನೋಡಿ ಬಟ್ಟೆ ಬೀಸುತ್ತಿದ್ದ. ನಮ್ಮ ಅಜ್ಜನಿಗೆ ಅದೇ ಕೆಲಸ. ಮುಪ್ಪಿನಲ್ಲಿ ಕಣ್ಣು ಮಂಜಾದ ಮೇಲೂ ಮನೆ ಜಗಲಿಯಲ್ಲಿ ಕೂತು ಸಮುದ್ರವನ್ನೇ ದಿಟ್ಟಿಸುತ್ತಿದ್ದ.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಂತು, ಯಂತ್ರದ ದೋಣಿಯಿಂದ ಹಿಂಡಿನ ಸುತ್ತ ಬಿಟ್ಟು ಚೀಲದ ಹಾಗೆ ಬಿಗಿಯುವ ಬಲೆ. ಹಿಂಡು ದಂಡೆಗೆ ಬರುವ ಮೊದಲೇ ಹೊರಗಡೆಯೇ ಬಳಿದುಕೊಂಡರು. ದಂಡೆಯಲ್ಲಿ ನೂರು ಜನ ನಿಂತು ಏನು ಎಳೆಯುವುದು, ನೀರನ್ನಾ?

ಮೀನುಪ್ರಿಯ
ಪರ್ಸೀನನ್ನೇ ಬೈಯಬೇಡಿ ಅಣ್ಣ. ಅದರಿಂದಲೇ ಮನೆ ಕಟ್ಟಿದವರೂ ನಮ್ಮವರೇ. ನನ್ನ ಕಾಲೇಜು ಫೀಸು ಅದರಿಂದಲೇ ಬಂದದ್ದು.

ಬೈತಖೋಲದವ
ಬೈಯುತ್ತಿಲ್ಲ ತಮ್ಮಾ. ನನ್ನದೂ ಒಂದರಲ್ಲಿ ಪಾಲಿತ್ತು. ಆದದ್ದನ್ನು ಹೇಳಿದೆ.

ಮಾಸ್ತರು, ಅಂಕೋಲಾ
ಇಂಥ ಊರಿಗೆ ಚಿತ್ರದ ಕಾರ್ಡು ಯಾಕೆ ಅಚ್ಚಾಯಿತು ಅಂತ ಯಾರಾದರೂ ಕೇಳುತ್ತೀರೆಂದು ಕಾದೆ. ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ, ಮಾಸ್ತರಿಕೆ ಬಿಟ್ಟರೂ ಚಟ ಬಿಡುವುದಿಲ್ಲ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಆಗ ಅಮೆರಿಕದಲ್ಲಿ ಒಳಯುದ್ಧ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲ. ಧಾರವಾಡದ ಹತ್ತಿ ಇಳಿಸಲು ಬಂದರು ಬೇಕಿತ್ತು. ಅದುವರೆಗೆ ಕುಮಟೆಯಿಂದ ಹೋಗುತ್ತಿತ್ತು. ಕುಮಟೆಯಲ್ಲಿ ಒಂದು ಹತ್ತಿ ಗಿಡವೂ ಬೆಳೆಯದಿದ್ದರೂ ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ’ ಅಂತಲೇ ಹೆಸರು. ಕಾರವಾರವನ್ನು ದೊಡ್ಡ ಬಂದರು ಮಾಡುತ್ತೇವೆಂದು ಘಟ್ಟದ ರಸ್ತೆ ಮಾಡಿದರು, ಕಚೇರಿ ಬಂಗಲೆ ಕಟ್ಟಿದರು. ಕೊನೆಗೆ ರೈಲು ಗೋವೆಯ ಮುರ್ಮುಗೋವಾಕ್ಕೆ ಹೋಯಿತು. ವ್ಯಾಪಾರ ಆ ಕಡೆ ಹೊರಳಿತು. ಇಲ್ಲಿ ಉಳಿದದ್ದು ಕಚೇರಿ, ಸಾಹೇಬರು, ಅವರು ಊರಿಗೆ ಕಳಿಸಲು ಕಾರ್ಡು. ಅವರಿಗೆ ಬೇಕಾದ್ದು ದಂಡೆ, ಗುಡ್ಡ, ಸೂರ್ಯಾಸ್ತ. ಮನುಷ್ಯರಿರುವ ಕಾರ್ಡು ಅಪರೂಪ. ನಿಮ್ಮ ಎರಡನೆಯದು ಅದಕ್ಕೇ ಬೆಲೆಯುಳ್ಳದ್ದು.

ಅಲೆ ಎಣಿಸುವವಳು
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಶಿರಸಿಯವರು ಹಾಕಿದ ಕಪ್ಪು ಬಿಳುಪು ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿ. ಎಡಗಡೆ, ನೀರಿನಾಚೆ, ಉದ್ದನೆಯ ದ್ವೀಪ. ಅದರ ಭುಜದ ಮೇಲೆ ಒಂದು ಬಿಳಿ ಚುಕ್ಕೆ. ಬಣ್ಣದ ಕಾರ್ಡಿನಲ್ಲಿ ಅದನ್ನು ನೀಲಿಯಲ್ಲಿ ಮುಚ್ಚಿಬಿಟ್ಟಿದ್ದಾರೆ, ಅದಕ್ಕೇ ಯಾರಿಗೂ ಕಂಡಿಲ್ಲ.

ಅದು ಅಂಜದೀವ. ಬಿಳಿ ಚುಕ್ಕೆ ಅಲ್ಲಿಯ ಇಗರ್ಜಿ, ಚರ್ಚು. ಬೈತಖೋಲದಿಂದ ಅಂಜದೀವ ಹೀಗೆ ಎದುರಿಗೇ ಕಾಣುವುದಿಲ್ಲ, ನಡುವೆ ಗುಡ್ಡ ಅಡ್ಡ ಬರುತ್ತದೆ. ಇದು ಗುಡ್ಡದ ದಕ್ಷಿಣಕ್ಕೆ. ಬಿಣಗಾ ಇಲ್ಲವೇ ಅರ್ಗಾ. ನಾನು ಅರ್ಗಾ ಅನ್ನುತ್ತೇನೆ. ನಮ್ಮ ಊರು.

ಬೈತಖೋಲದವ
ನೋಡಿದೆ. ಬಿಳಿ ಚುಕ್ಕೆ ಇದೆ. ಸೋತೆ ತಂಗಿ.

ಮಾಸ್ತರು, ಅಂಕೋಲಾ
ಶಹಬ್ಬಾಸ್! ಆದರೆ ಬಿಣಗಾ ಅಲ್ಲ, ಅರ್ಗಾ ಅಂತ ಹೇಗೆ ಹೇಳುತ್ತೀರಿ? ಬಿಣಗಾದಿಂದಲೂ ಆ ದ್ವೀಪ ಕಾಣುತ್ತಿತ್ತಲ್ಲ. ಈಗ ಅಲ್ಲಿ ನಿಂತು ಒಂದು ಫೋಟೋ ತೆಗೆದರೆ ಹೋಲಿಸಿ ಖಾತ್ರಿ ಮಾಡಬಹುದು.

ಅಲೆ ಎಣಿಸುವವಳು
ಅದೇ ಆಗದ ಕೆಲಸ ಮಾಸ್ತರೇ. ಆ ದಂಡೆ ಈಗ ನೌಕಾನೆಲೆಯ ಒಳಗಿದೆ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಸೀಬರ್ಡ್ ಯೋಜನೆಗೆ ಕಲ್ಲು ಹಾಕಿದಾಗ ನನಗೆ ಐದು ವರ್ಷ. ಆಮೇಲೆ ಊರು ಖಾಲಿಯಾಯಿತು. 2005ರಲ್ಲಿ ನೆಲೆ ಕೆಲಸ ಶುರು ಮಾಡಿತು. ಅಂಜದೀವ ಈಗ ಪೂರ್ತಿ ದ್ವೀಪವೂ ಅಲ್ಲ, ಅಲೆತಡೆ ಕಟ್ಟಿ ನೆಲಕ್ಕೆ ಸೇರಿಸಿದ್ದಾರೆ. ಕಾರ್ಡಿನಲ್ಲಿ ಕಾಣುವ ನಡುವಿನ ನೀರು ಹಾಗೆ ಇಲ್ಲ.

ಪರಿಹಾರದ ಮಾತು ಇಲ್ಲಿ ಬೇಡ, ಶುರು ಮಾಡಿದರೆ ಮುಗಿಯುವುದಿಲ್ಲ.

ಅರ್ಗಾ ಅಂತ ಯಾಕೆ ಹೇಳಿದೆ ಅಂದರೆ, ನಮ್ಮ ಅಜ್ಜಿಗೆ ತೋರಿಸಿದೆ. ಫೋನಿನಲ್ಲಿ ಆಕೆಗೆ ಏನೂ ಸರಿಯಾಗಿ ಕಾಣುವುದಿಲ್ಲ. ಮನೆಗಳನ್ನು ನೋಡಲೇ ಇಲ್ಲ. ದೋಣಿಯ ಪಕ್ಕದ ಬಂಡೆಯ ಮೇಲೆ ಬೆರಳಿಟ್ಟಳು. ‘ಇದರ ಹಿಂದೆ ಸೀನೀರಿನ ಒರತೆ, ಭರತ ಇಳಿದಾಗ ಕೊಡ ತುಂಬುತ್ತಿದ್ದೆವು’ ಅಂದಳು. ಬಂಡೆ ಎಲ್ಲ ಕಡೆ ಇರುತ್ತದೆ, ಗೊತ್ತು. ಆಕೆ ಎಲ್ಲ ಬಂಡೆಗೂ ಹಾಗೆ ಹೇಳುತ್ತಾಳೋ ಏನೋ. ಇರಲಿ.

ಮಾಸ್ತರು, ಅಂಕೋಲಾ
ಹಾಗಾದರೆ ‘ಅರ್ಗಾ ಅಥವಾ ಬಿಣಗಾ’ ಅಂತ ಬರೆದಿಡೋಣ. ಅರ್ಗಾ ಮೊದಲು.

ಕೋಡಿಬಾಗದ ಮಗಳು
ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಹಾಗೆಯೇ ಬರೆದೆ. ಅಕ್ಕ, ನಿಮ್ಮ ಅಜ್ಜಿಗೆ ಒಂದು ದೊಡ್ಡ ಪ್ರಿಂಟ್ ತೆಗೆಸಿ ಕಳಿಸುತ್ತೇನೆ. ಬಣ್ಣ ಇಲ್ಲದ್ದು.

ಇನ್ನೊಂದು ವಿಷಯ. ನಿನ್ನೆ ರಾತ್ರಿ ಆ ತಂತಿಯ ಕಾರ್ಡುಗಳನ್ನು ಬಿಡಿಸಿದೆ. ನನಗೆ ಅರ್ಧ ಓದಲು ಬರಲಿಲ್ಲ. ಹಳೆಯವು ಮರಾಠಿ. ಎರಡಂತೂ ಯಾವ ಲಿಪಿಯೋ, ಇರುವೆ ಸಾಲಿನ ಹಾಗೆ. ಆಮೇಲಿನವು ಕನ್ನಡ. ನಮ್ಮ ಮನೆಮಾತು ಕೊಂಕಣಿ. ಮರಾಠಿ ಯಾಕೆ?

ಮಾಸ್ತರು, ಅಂಕೋಲಾ
ಇರುವೆ ಸಾಲು ಅಂದರೆ ಮೋಡಿ ಲಿಪಿ, ಮರಾಠಿಯದೇ ಹಳೇ ಬರಹ. ಕೈ ಎತ್ತದೆ ಬರೆಯುವುದು. ಮುಂಬಯಿ ಪ್ರಾಂತ ಅಲ್ವಾ, ಕಾರವಾರ ಕಡೆಯ ಶಾಲೆಗಳಲ್ಲಿ ಮರಾಠಿ ಜೋರು. ಮನೆಯಲ್ಲಿ ಕೊಂಕಣಿ, ಕಾಗದಕ್ಕೆ ಮರಾಠಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಆಮೇಲೆ ಕನ್ನಡ ಶಾಲೆ ಕಲಿತ ಮಕ್ಕಳು ಬರೆಯತೊಡಗಿದರು. ನಿಮ್ಮ ಕಂತೆಯಲ್ಲಿ ಅದೇ ತಿರುವು ಕಾಣುತ್ತಿದೆ.

ಟಪಾಲು ಮಾವ, ಕುಮಟಾ
ನಾನು ಮೂವತ್ತೆರಡು ವರ್ಷ ಟಪಾಲು ಹಂಚಿದವ. ಚಿತ್ರದ ಕಾರ್ಡಿನ ಬಗ್ಗೆ ನನಗೇನೂ ಗೊತ್ತಿಲ್ಲ. ಈ ಕಾರ್ಡುಗಳ ಬಗ್ಗೆ ಹೇಳಬಲ್ಲೆ.

ಮಗಳೇ, ಒಂದು ಕೇಳುತ್ತೇನೆ. ಬೇರೆ ಬೇರೆಯವರ ಹೆಸರಿನ ಕಾರ್ಡುಗಳಲ್ಲಿ ಒಂದೇ ಕೈಬರಹ ಇದೆಯಾ? ಇರಬೇಕು. ದೋಣಿ ಮೇಲೆ ಹೋದವರಿಗೆ ಬರೆಯಲು ಬರುತ್ತಿರಲಿಲ್ಲ. ಅಂಗಡಿಯವರೋ ಪೋಸ್ಟ್ ಮಾಸ್ತರರೋ ಬರೆದುಕೊಡುತ್ತಿದ್ದರು. ಇಲ್ಲಿ ಬಂದದ್ದನ್ನು ಓದಿ ಹೇಳುವುದು ನಮ್ಮ ಕೆಲಸ. ಬಾಗಿಲಲ್ಲಿ ನಿಂತು ಓದಿದರೆ ಕೇರಿಯೆಲ್ಲ ಕೇಳುತ್ತಿತ್ತು. ಕಾರ್ಡಿನಲ್ಲಿ ಗುಟ್ಟು ಅಂತ ಇರಲೇ ಇಲ್ಲ. ಗುಟ್ಟಿದ್ದರೆ ಲಕೋಟೆ, ಅದಕ್ಕೆ ದುಡ್ಡು ಜಾಸ್ತಿ.

ಇನ್ನೊಂದು. ಆ ಕಂತೆಯಲ್ಲಿ ಸಾವಿನ ಸುದ್ದಿ ಒಂದೂ ಇಲ್ಲ ಅಲ್ವಾ? ಸಿಗುವುದಿಲ್ಲ. ಸಾವಿನ ಕಾರ್ಡಿಗೆ ಮೇಲೆ ‘ಶ್ರೀ’ ಬರೆಯುವುದಿಲ್ಲ. ಅದನ್ನು ಒಳಗೆ ತರುವುದೂ ಇಲ್ಲ. ಅಂಗಳದಲ್ಲೇ ಓದಿ, ಅಲ್ಲೇ ಹರಿದು, ಆಮೇಲೆ ಸ್ನಾನ. ಅಂಥ ಕಾರ್ಡು ಕೊಡುವ ದಿನ ನನಗೆ ಕಾಲೇ ಬರುತ್ತಿರಲಿಲ್ಲ.

ಕೋಡಿಬಾಗದ ಮಗಳು
ಮಾವ, ನೀವು ಹೇಳಿದ್ದು ಓದಿ ಮತ್ತೆ ಎಲ್ಲವನ್ನೂ ವರ್ಷದ ಪ್ರಕಾರ ಜೋಡಿಸಿದೆ. ನಿಜ, ಒಂದೂ ಸಾವಿಲ್ಲ. ಅಜ್ಜನ ತಮ್ಮ ಮಲ್ಪೆಯಿಂದ ಹತ್ತು ಕಾರ್ಡು ಬರೆಸಿದ್ದಾನೆ. ಹನ್ನೊಂದನೆಯದು ಇಲ್ಲ. ಅವನು ಅಲ್ಲೇ ತೀರಿಕೊಂಡದ್ದು ಅಂತ ಆಯಿ ಹೇಳಿ ಗೊತ್ತು. ಕಂತೆಯಲ್ಲಿ ಅವನು ಸತ್ತಿಲ್ಲ, ಬರೆಸುವುದು ನಿಲ್ಲಿಸಿದ್ದಾನೆ ಅಷ್ಟೆ.

ಕೈಬರಹವೂ ನೀವು ಹೇಳಿದ ಹಾಗೇ. ಮೂವರ ಕಾರ್ಡು, ಒಂದೇ ಕೈ. ‘ನಾವು ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ಅನ್ನುವ ಸಾಲಂತೂ ಕನ್ನಡದ ಹೆಚ್ಚಿನ ಕಾರ್ಡುಗಳಲ್ಲಿ ಇದೆ. ಆಮೇಲೆ ದುಡ್ಡು, ಆಮೇಲೆ ಮೀನು. ‘ಬಂಗಡೆ ಬಂತೇ’ ಅಂತ ಕೇಳದ ಕಾರ್ಡು ಅಪರೂಪ. ಹೆಂಡತಿ ಹೇಗಿದ್ದಾಳೆ ಅಂತ ಒಬ್ಬನೂ ಕೇಳಿಲ್ಲ!

ಟಪಾಲು ಮಾವ, ಕುಮಟಾ
ಕೇರಿಯೆಲ್ಲ ಕೇಳಿಸಿಕೊಳ್ಳುವಾಗ ಹೆಂಡತಿ ಬಗ್ಗೆ ಹೇಗೆ ಕೇಳುತ್ತಾನೆ? ಬಂಗಡೆ ಬಂತೇ ಅಂದರೆ ಅದರಲ್ಲೇ ಎಲ್ಲ ಬಂತು. ಮೀನು ಬಂದರೆ ಅವಳು ಉಂಡಿದ್ದಾಳೆ ಅಂತ.

ಮುಂಬೈ ಕಾರವಾರಿ
ಇದನ್ನು ಓದಿ ನಮ್ಮ ತಂದೆಯವರು ಅರ್ಧ ಗಂಟೆ ಮಾತಾಡಿದರು. ಅವರು ಹುಡುಗನಾಗಿದ್ದಾಗ ಸ್ಟೀಮರಿನಲ್ಲಿ ಮುಂಬೈಗೆ ಬಂದವರು. ಸ್ಟೀಮರು ದೂರದಲ್ಲಿ ನಿಲ್ಲುತ್ತಿತ್ತಂತೆ, ಅಲ್ಲಿಯ ತನಕ ಮಚವೆ ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲದಲ್ಲಿ ಬಂದ್. ಜೂನಿನಿಂದ ಮನೆಯ ಸುದ್ದಿ ಅಂದರೆ ಕಾರ್ಡೊಂದೇ.

ಕಂತೆಯಲ್ಲಿ ಮುಂಬೈಯಿಂದ ಹೋದದ್ದು ಇದೆಯಾ?

ಕೋಡಿಬಾಗದ ಮಗಳು
ತುಂಬಾ ಇವೆ. ಒಂದನ್ನು ಹೇಳಲೇಬೇಕು. ನಯಾಪೈಸೆ ಕಾಲದ ಕಾರ್ಡು, ಮುದ್ರೆ ಸ್ಪಷ್ಟ ಇದೆ, 1961ರ ನವೆಂಬರ್ ಕೊನೆ. ಅಜ್ಜನಿಗೆ ಅವನ ಭಾವ ಬರೆದದ್ದು. ಕ್ಷೇಮದ ಸಾಲೂ ಇಲ್ಲ. ‘ಪೇಪರಿನಲ್ಲಿ ಓದಿದೆ. ಅಂಜದೀವದ ಮಗ್ಗುಲಿಗೆ ದೋಣಿ ಒಯ್ಯಬೇಡಿ. ಹುಡುಗರಿಗೂ ಹೇಳಿ.’ ಇಷ್ಟೇ.

ಮಾಸ್ತರು, ಅಂಕೋಲಾ
ಮೈ ಜುಮ್ಮೆಂದಿತು. ಆ ನವೆಂಬರಿನಲ್ಲಿ ಅಂಜದೀವದಿಂದ ಪೋರ್ಚುಗೀಸರು ಮೊದಲು ಸ್ಟೀಮರಿನ ಮೇಲೆ, ಆಮೇಲೆ ಮೀನು ದೋಣಿಯ ಮೇಲೆ ಗುಂಡು ಹಾರಿಸಿದ್ದರು. ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿಯಿತು, ಏಳು ನಾವಿಕರು ಅಲ್ಲಿ ತೀರಿಕೊಂಡರು. ಗೋವಾ ವಿಮೋಚನೆಯ ಚರಿತ್ರೆಯಲ್ಲಿ ಇದೊಂದು ಪ್ಯಾರಾ. ನಿಮ್ಮ ಮನೆಯಲ್ಲಿ ಮೂರು ಸಾಲು. ಮೂರು ಸಾಲೇ ಜೋರು ಅನ್ನಿಸುತ್ತದೆ ನನಗೆ.

ಅಲೆ ಎಣಿಸುವವಳು
ಅದೇ ಬಿಳಿ ಚುಕ್ಕೆಯ ದ್ವೀಪ. ಅಜ್ಜಿ ಹೇಳುತ್ತಿದ್ದಳು, ಆ ತಿಂಗಳು ಗಂಡಸರು ಮನೆಯಲ್ಲೇ ಕೂತು ಜಗಳ ಆಡುತ್ತಿದ್ದರು ಅಂತ.

ಶಿರಸಿಯ ಸ್ಟಾಂಪ್ ಹುಚ್ಚ
ಅಕ್ಕ, ಕಂತೆಯಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು? ಕಾಲಾಣೆ ಅಂತ ಅಚ್ಚಾಗಿದ್ದರೆ 1922ರ ಮೊದಲಿನದು. ಆ ವರ್ಷ ಕಾರ್ಡಿನ ಬೆಲೆ ಅರ್ಧಾಣೆ ಆಯಿತು. 1879ರಲ್ಲಿ ಕಾರ್ಡು ಶುರುವಾದಾಗಿನಿಂದ ಕಾಲಾಣೆಯೇ ಇತ್ತು. ದಯವಿಟ್ಟು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ನಮ್ಮ ಕಡಲ ಹವೆಗೆ ಬೂಸಲು ಬರುತ್ತದೆ. ಸಾದಾ ಬಿಳಿ ಕಾಗದದ ನಡುವೆ ಇಡಿ. ಆ ತಂತಿಯಿಂದ ಮಾತ್ರ ತೆಗೆದುಬಿಡಿ, ತುಕ್ಕು ಹರಡುತ್ತದೆ.

ಕೋಡಿಬಾಗದ ಮಗಳು
ಎರಡು ಕಾಲಾಣೆಯವು ಇವೆ, ಆ ಮೋಡಿ ಲಿಪಿಯವೇ. ತಂತಿಯಿಂದ ಆಗಲೇ ತೆಗೆದೆ. ತುಕ್ಕು ತೂತಿನ ಸುತ್ತ ಮಾತ್ರ ಇದೆ.

ತೂತು ಅಂದಾಗ ನೆನಪಾಯಿತು. ಕೊನೆಯ ಕಾರ್ಡು. ಕನ್ನಡದ್ದು. ಪಿನ್ ಕೋಡ್ ಬರೆದಿದೆ, ಅಂದರೆ 1972ರ ನಂತರ. ದೊಡ್ಡಪ್ಪ ಮುಂಬೈಯಿಂದ ಅಜ್ಜನಿಗೆ ಬರೆದದ್ದು. ಕ್ಷೇಮ, ಮನಿಆರ್ಡರು, ತಂಗಿಯ ಮದುವೆ ಮಾತು ಎಲ್ಲ ಆದಮೇಲೆ ಹೀಗಿದೆ: ‘ರಂಪಣಿಯ ನಮ್ಮ ತುಂಡು’, ಆಮೇಲೆ ತೂತು, ಆಮೇಲೆ ‘ಬೇಡಿ’. ತಂತಿ ಸರಿಯಾಗಿ ಆ ಪದದ ಮೇಲೇ ಚುಚ್ಚಿದೆ. ತುಂಡನ್ನು ಏನು ಮಾಡಬೇಡಿ ಅಂದಿದ್ದಾನೆ?

ಬೈತಖೋಲದವ
‘ಮಾರ’ಬೇಡಿ. ಇನ್ನೇನು? ಆಗ ಎಲ್ಲರೂ ಮಾರಿ ಪರ್ಸೀನ್ ಪಾಲಿಗೆ ದುಡ್ಡು ಹಾಕುತ್ತಿದ್ದರು. ಯಾರು ಕೊಳ್ಳುತ್ತಿದ್ದರೋ ಅದು ಬೇರೆ ಮಾತು.

ಮೀನುಪ್ರಿಯ
‘ಇಟ್ಟುಕೊಳ್ಳ’ಬೇಡಿ ಅಂತಲೂ ಇರಬಹುದಲ್ಲ? ಮುಂಬೈಗೆ ಹೋದ ಮಗ. ಊರಲ್ಲಿ ಮೀನಿಲ್ಲ ಅಂತ ಗೊತ್ತಿದ್ದವ. ಮಾರಿ ಬಿಡಿ ಅನ್ನುವ ಪೈಕಿ.

ಟಪಾಲು ಮಾವ, ಕುಮಟಾ
ತೂತು ಎಷ್ಟು ದೊಡ್ಡದಿದೆ? ಒಂದು ತೂತಿನಲ್ಲಿ ‘ಇಟ್ಟುಕೊಳ್ಳ’ ಹಿಡಿಸುವುದಿಲ್ಲ ತಮ್ಮಾ. ಎರಡಕ್ಷರ, ಹೆಚ್ಚೆಂದರೆ ಮೂರು.

ಅಲೆ ಎಣಿಸುವವಳು
‘ಕೊಡ’ಬೇಡಿ? ತಂಗಿಯ ಮದುವೆ ಮಾತು ಅದೇ ಕಾರ್ಡಿನಲ್ಲಿದೆಯಲ್ಲ. ತುಂಡನ್ನು ಅಳಿಯನಿಗೆ ಕೊಡುತ್ತಿದ್ದರು ಕೆಲವರು.

ಕೋಡಿಬಾಗದ ಮಗಳು
ಭೂತಗನ್ನಡಿ ಹಿಡಿದು ನೋಡಿದೆ. ತೂತಿನ ಎಡ ಅಂಚಿನಲ್ಲಿ ಒಂದು ಅಕ್ಷರದ ತಲೆಕಟ್ಟಿನ ಚೂರು ಕಾಣುತ್ತದೆ. ಅದು ಮ ಇರಬಹುದು, ಕ ಕೂಡ ಇರಬಹುದು. ದೊಡ್ಡಪ್ಪ ಈಗಿಲ್ಲ, ಕೇಳುವ ಹಾಗಿಲ್ಲ.

ಆಯಿಗೆ ಓದಿ ಹೇಳಿದೆ. ನೀವು ಹೇಳಿದ ಮೂರೂ ಪದ ಹಾಕಿ ಹಾಕಿ ಓದಿದೆ. ಆಕೆ ಯಾವುದಕ್ಕೂ ಹೂಂ ಅನ್ನಲಿಲ್ಲ. ‘ಅಪ್ಪ ಮಾರಲೂ ಇಲ್ಲ, ಕೊಡಲೂ ಇಲ್ಲ. ಸುತ್ತಿ ಅಟ್ಟಕ್ಕೆ ಹಾಕಿದ. ಆ ಟ್ರಂಕು ಇತ್ತಲ್ಲ, ಅದರ ಕೆಳಗೆ’ ಅಂದಳು.

ಬೈತಖೋಲದವ
ತಂಗೀ, ನೀನು ಮೊದಲನೇ ದಿನ ಬರೆದ ಗೋಣಿ!

ಕೋಡಿಬಾಗದ ಮಗಳು
ಹೌದು ಅಣ್ಣ. ಓಡಿ ಹೋಗಿ ನೋಡಿದೆ. ತೆಂಗಿನ ಬುಡದಲ್ಲೇ ಇದೆ. ಗೋಣಿ ಅಲ್ಲ, ಗಂಟುಗಳಿವೆ. ಎರಡು ಮಳೆ ಬಿದ್ದು ಕೆಳಗಿನ ಭಾಗ ಮಣ್ಣಾಗಿದೆ. ಮೇಲಿನದು ಒಂದು ಮಾರಿನಷ್ಟು ಬಿಡಿಸಲು ಬಂತು, ಫೋಟೋ ಹಾಕಿದ್ದೇನೆ. ಒದ್ದೆ ಇದೆ. ಹೇಗೆ ಒಣಗಿಸುವುದು, ಬಿಸಿಲಿಗೋ ನೆರಳಿಗೋ?

ಬೈತಖೋಲದವ
ಫೋಟೋ ನೋಡಿದೆ, ಹತ್ತಿ ನೂಲೇ. ಎಳೆಯಬೇಡ, ಹಿಂಡಬೇಡ. ನೆಲಕ್ಕೆ ಹಾಸಬೇಡ, ಎರಡು ಕಂಬ ನೆಟ್ಟು ಅಡ್ಡಗೋಲಿನ ಮೇಲೆ ಹಾಕು, ಗಾಳಿಗೆ, ನೆರಳಲ್ಲಿ. ಆ ಕಾರ್ಡಿನಲ್ಲಿದೆಯಲ್ಲ, ಹಾಗೆ. ಭಾನುವಾರ ಬೆಳಿಗ್ಗೆ ನಾನೇ ಬರ್ತೇನೆ, ಅಲ್ಲಿಯ ತನಕ ಯಾರಿಗೂ ಮುಟ್ಟಲು ಬಿಡಬೇಡ.